ಚಾಲೂ ಆಗುವಷ್ಟು ಹೊತ್ತು

ನಮ್ಮ ಹಿಟ್ಟಿನ ಗಿರಣಿಯ ಇಂಜಿನ್ ಬೇಸಿಗೆಯಲ್ಲಿ ಐದರ ಮಗ್ಗಿ ಮುಗಿಯುವುದರೊಳಗೆ ಚಾಲೂ ಆಗುತ್ತಿತ್ತು. ಚಳಿಗಾಲದಲ್ಲಿ ಒಂಬತ್ತರ ಮಗ್ಗಿಯವರೆಗೂ ಕಾಯಿಸುತ್ತಿತ್ತು. ಮನೆಯಲ್ಲಿ ಗಡಿಯಾರ ಅಂತ ಒಂದಿತ್ತು, ಅದು ಗೋಡೆಗೆ ಅಲಂಕಾರವಾಗಿತ್ತೇ ಹೊರತು ಹೊತ್ತು ತೋರಿಸುತ್ತಿರಲಿಲ್ಲ. ಹಾಗಾಗಿ ಹ್ಯಾಂಡಲ್ ಕೈಗೆ ತೆಗೆದುಕೊಂಡ ಕೂಡಲೇ ಮನಸ್ಸಿನಲ್ಲೇ ಎರಡರ ಮಗ್ಗಿ ಶುರುಮಾಡುತ್ತಿದ್ದೆ. ಇಂಜಿನ್ ತಾನೇ ತಾನಾಗಿ ತಿರುಗತೊಡಗಿದಾಗ ಎಲ್ಲಿಗೆ ಬಂದಿದ್ದೆನೋ ಅದೇ ಅವತ್ತಿನ ಲೆಕ್ಕ. ಈ ಹುಚ್ಚು ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸಿಂದಗಿಯಿಂದ ಮೂರು ಮೈಲಿ ದೂರದಲ್ಲಿ, ಡಾಂಬರು ರಸ್ತೆಗೆ ಅಂಟಿಕೊಂಡೇ ನಮ್ಮ ಊರು. ಊರಿಗೆಲ್ಲ ಇದ್ದದ್ದು ನಮ್ಮದೊಂದೇ ಗಿರಣಿ. ಹೊಗೆ ಹೋಗುವ ಕೊಳವೆಯ ಬಾಯಿಗೆ ಅಪ್ಪ ಒಂದು ತಗಡಿನ ಡಬ್ಬಿ ಕಟ್ಟಿದ್ದ. ಇಂಜಿನ್ ಎದ್ದ ಕೂಡಲೇ ಅದು ಕುಕ್ಕೂ ಕುಕ್ಕೂ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಆ ಕೂಗು ಕೇಳಿ ಹೆಂಗಸರು ಬುಟ್ಟಿಯಲ್ಲಿ ಜೋಳ ಹೊತ್ತುಕೊಂಡು ಬರುತ್ತಿದ್ದರು. ರಜೆಯಲ್ಲದ ದಿನ ಕೂಗು ಕೇಳದಿದ್ದರೆ ಊರಿಗೆ ಊರೇ ನಮ್ಮ ಬಾಗಿಲಿಗೆ ಬಂದು, ಏನಾತು, ಯಾಕ ಬಂದ್ ಐತಿ ಎಂದು ವಿಚಾರಿಸುತ್ತಿತ್ತು.

ಹ್ಯಾಂಡಲ್ ನನ್ನ ಕೈಗೆ ಬಂದದ್ದು ಅಪ್ಪನ ಕೈ ಮುರಿದ ಮೇಲೆ. ಅಂಥ ಇಂಜಿನ್ನಿಗೆ ಎದೆಮಟ್ಟದ ಗಾಲಿ ಇರುತ್ತದೆ, ಗಾಲಿಯ ನಡುವಿನ ದಂಡಕ್ಕೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಮೇಲೆ ಒಂದು ಸಣ್ಣ ಲಿವರ್ ಇದೆ, ಅದನ್ನು ಎತ್ತಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗಿ ಗಾಲಿ ಹಗುರ ತಿರುಗುತ್ತದೆ. ಗಾಲಿಗೆ ಜೋರು ಬಂದಾಗ ಲಿವರ್ ಬೀಳಿಸಬೇಕು. ಬೇಗ ಬೀಳಿಸಿದರೆ ಗಾಲಿ ಹಿಂದಕ್ಕೆ ಹೊಡೆಯುತ್ತದೆ, ಹ್ಯಾಂಡಲ್ ಎತ್ತು ಒದ್ದಂತೆ ಒದೆಯುತ್ತದೆ. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಜೊತೆಗೇ ಇಡಬೇಕು. ನಮಗೆಲ್ಲ ಇದನ್ನು ಹೇಳಿಕೊಟ್ಟ ಅಪ್ಪನೇ ಒಂದು ಬೆಳಿಗ್ಗೆ ಯಾರ ಜೊತೆಗೋ ಹರಟುತ್ತ ಹೆಬ್ಬೆರಳು ಸುತ್ತಿ ಹಿಡಿದ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಮಣಿಕಟ್ಟು ಎರಡು ತುಂಡಾಯಿತು. ಎಲುಬು ಕೂಡಿಸುವ ಮುದುಕನೊಬ್ಬ ಬಿದಿರ ಪಟ್ಟಿ ಇಟ್ಟು ಕಟ್ಟಿದ. ಕೈ ಕೂಡಿತು, ಆದರೆ ಅಪ್ಪ ಹ್ಯಾಂಡಲ್ ಮುಟ್ಟಲಿಲ್ಲ. ‘ಇನ್ನೂ ಜೋಮು ಹಿಡೀತೈತಿ’ ಎನ್ನುತ್ತಿದ್ದ.

ಮನೆಯಲ್ಲಿ ಅಪ್ಪ, ಅವ್ವ, ನಾನು ಮೂರೇ ಜನ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ನೋಡಿ ನೋಡಿ ನನಗೆ ಎಲ್ಲ ಬರುತ್ತಿತ್ತು. ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ತಿರುಗಿಸಿದೆ, ಇಂಜಿನ್ ಎದ್ದಿತು. ಒಂದು ದಿನದ ಕೆಲಸ ಒಂದು ವರ್ಷ ಮೂರು ತಿಂಗಳಾಯಿತು.

ಅದು ಎಂಥ ಬಾಳು ಎಂದು ಹೇಳುತ್ತೇನೆ. ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಕೋಣೆ. ಒಂದೇ ಕಿಟಕಿ, ಅದಕ್ಕೂ ಹಿಟ್ಟಿನ ಪದರ. ಹುಬ್ಬಿನ ಮೇಲೆ ಹಿಟ್ಟು, ಕಿವಿಯಲ್ಲಿ ಹಿಟ್ಟು, ಉಗುಳಿದರೆ ಹಿಟ್ಟು. ಮಾವನ ಮಗಳ ಮದುವೆಗೆ ಎಲ್ಲರೂ ಹಲಸಂಗಿಗೆ ಹೋದಾಗ ನಾನು ಹೋಗಲಿಲ್ಲ, ಯಾಕೆಂದರೆ ಊರಿನವರ ರೊಟ್ಟಿ ನಿಲ್ಲುತ್ತಿತ್ತು. ಮೈ ಬಿಸಿಯಾಗಿ ಮಲಗಿದ ದಿನವೂ ಎಬ್ಬಿಸಿ ಕರೆದುಕೊಂಡು ಹೋಗಿ, ಇಂಜಿನ್ ಚಾಲೂ ಮಾಡಿಸಿ, ಮತ್ತೆ ತಂದು ಮಲಗಿಸಿದ್ದರು. ನನ್ನನ್ನು ನೋಡಲು ಬರಬೇಕಾಗಿದ್ದ ಒಂದು ಗಂಡಿನ ಮನೆಯವರು ‘ಇಂಜಿನ್ ಹೊಡಿಯೂ ಹುಡಿಗಿ ನಮ್ಮ ಮನಿಗೆ ಬ್ಯಾಡ’ ಎಂದು ಅರ್ಧ ದಾರಿಯಿಂದ ತಿರುಗಿ ಹೋದರಂತೆ. ಅದೊಂದು ಒಳ್ಳೆಯದೇ ಆಯಿತು ಬಿಡಿ.

ಹೆಂಗಸರು ಮಾತ್ರ ಹೊಗಳುತ್ತಿದ್ದರು. ‘ಯವ್ವಾ, ನೀ ಇದ್ದೀದಿ ಅಂತ ನಮ್ಮ ಮಕ್ಳು ರೊಟ್ಟಿ ತಿನ್ನಾಕತ್ತಾವ ನೋಡು’ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಉಸಿರು ಕಟ್ಟಿದಂತಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗುತ್ತಿತ್ತು.

ಹಾಗಿರುವಾಗ ಬಿಜಾಪುರದಿಂದ ಪತ್ರ ಬಂತು. ಶಿಕ್ಷಕರ ತರಬೇತಿಗೆ ನಾನು ಗುಟ್ಟಾಗಿ ಅರ್ಜಿ ಹಾಕಿದ್ದೆ, ಗುಟ್ಟು ಅವ್ವನಿಗೆ ಮಾತ್ರ ಗೊತ್ತಿತ್ತು. ಆಯ್ಕೆಯಾಗಿದೆ, ಇಂಥ ಸೋಮವಾರದೊಳಗೆ ಬಂದು ಹಾಜರಾಗತಕ್ಕದ್ದು, ತಪ್ಪಿದರೆ ಸೀಟು ಬೇರೆಯವರಿಗೆ, ಎಂದು ಬರೆದಿತ್ತು. ಎಣಿಸಿ ನೋಡಿದೆ. ನಡುವೆ ಮೂರು ಸೋಮವಾರಗಳಿದ್ದವು, ನಾಲ್ಕನೆಯದೇ ಕಡೆಯ ದಿನ.

ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಪತ್ರವನ್ನು ಎರಡು ಸಲ ಓದಿಸಿಕೊಂಡು ಕೇಳಿದ:

‘ಹೋಗವಾ, ಚಲೋ ಆತು. ಆದ್ರ ಇದನ್ನ ಎಬ್ಬಸವ್ರ್ಯಾರು?’

‘ಯಾರನ್ನರ ಪಗಾರಕ್ಕ ಇಟ್ಕೊ’ ಎಂದಳು ಅವ್ವ.

‘ಇಂಜಿನ್ನು, ಹೆಂಡ್ತಿ, ಎರಡೂ ಮಂದಿ ಕೈಯಾಗ ಕೊಡಬಾರದು.’

‘ನನ್ನ ಯಾರರ ಒಯ್ದಿದ್ರ ನಾ ಪಾರಾಗಿ ಹೋಗ್ತಿದ್ದೆ’ ಎಂದು ಅವ್ವ ಒಳಗೆ ಹೋದಳು.

ಕೊನೆಗೆ ಅಪ್ಪನೇ ಒಂದು ಕರಾರು ಹಾಕಿದ. ‘ನನ್ನ ಈ ಕೈಗೆ ಒಗ್ಗೂ ಅಂಥಾದ್ದು, ಲಗೂನ ಚಾಲೂ ಆಗೂ ಅಂಥಾದ್ದು ಒಂದು ಇಂಜಿನ್ ತೋರ್ಸು. ಅದನ್ನ ತರೂಣು, ಇದನ್ನ ಮಾರೂಣು. ನೀ ನಿನ್ನ ಗಂಟು ಕಟ್ಟು.’ ನಾನು ಕುಣಿದಾಡಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮೂರೂ ಕಡೆ ಅಪ್ಪನಿಗೆ ಪರಿಚಯದ ಗಿರಣಿಯವರಿದ್ದರು, ಮೂವರದೂ ಮೂರು ಥರದ ಯಂತ್ರ. ಹೋಗಿ ಕಣ್ಣಾರೆ ನೋಡಿ ಯಾವುದು ಬೇಗ ಏಳುತ್ತದೆ ಎಂದು ತೀರ್ಮಾನಿಸುವುದು ಎಂದಾಯಿತು.

ಆದರೆ ಹೋಗುವುದು ಸೋಮವಾರ ಮಾತ್ರ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಕಟ್ಟುವುದಿಲ್ಲ, ಅದು ಬಸವಣ್ಣನ ವಾರ. ಅಪ್ಪ ಹೊಲ ಬಿಟ್ಟು ಗಿರಣಿ ಹಾಕಿದವನು, ಎತ್ತಿನ ನೇಮವನ್ನು ಇಂಜಿನ್ನಿಗೆ ತಂದು ಹಚ್ಚಿದ್ದ. ಸೋಮವಾರ ಅದರ ಮೈ ಒರೆಸಿ, ಡೀಸೆಲ್ ಟಾಕಿಗೆ ವಿಭೂತಿ ಬಳಿದು, ಒಂದು ಹೂ ಇಟ್ಟು ಬಾಗಿಲು ಹಾಕಿಬಿಡುತ್ತಿದ್ದ. ಉಳಿದ ಆರು ದಿನ ಊರಿನ ರೊಟ್ಟಿ, ಒಂದು ದಿನ ಬಸವಣ್ಣನ ರಜೆ. ನನಗೆ ಇದ್ದ ಬಿಡುವೂ ಅದೊಂದೇ.

ಮೊದಲನೆಯ ಸೋಮವಾರ ಇಂಡಿ. ಅಲ್ಲಿಯ ಗಿರಣಿಯಲ್ಲಿ ಹಳೆಯ ಕಾಲದ ದೊಡ್ಡ ಇಂಜಿನ್, ಆನೆಯಷ್ಟು ಗಾತ್ರ. ಅದಕ್ಕೆ ಹ್ಯಾಂಡಲ್ಲೇ ಇಲ್ಲ. ಅದರ ತಲೆಗೆ ಮೊದಲು ಬುರ್ರೆನ್ನುವ ಬೆಂಕಿ ದೀಪ ಹಿಡಿದು ಕೆಂಪಗೆ ಕಾಯಿಸಬೇಕು, ಆಮೇಲೆ ಗಾಲಿಯನ್ನು ಹಿಂದೆ ಮುಂದೆ ತೂಗಿ ಬಿಟ್ಟರೆ ಏಳುತ್ತದೆ. ಗಿರಣಿಯ ಯಜಮಾನರು ವಯಸ್ಸಾದವರು, ಬೀಡಿ ಸೇದುತ್ತ ದೀಪ ಹಿಡಿದು ಕೂತರು. ನಾನು ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳಿದೆ, ಮತ್ತೆ ಎರಡಕ್ಕೆ ಬಂದೆ, ಮತ್ತೆ ಹನ್ನೆರಡರವರೆಗೆ ಹೋದೆ. ಪಾಳಿಗೆ ಕೂತ ಹೆಂಗಸರಲ್ಲಿ ಇಬ್ಬರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಆಮೇಲೆ ಒಮ್ಮೆ ಎದ್ದಿತು ನೋಡಿ, ನೆಲ ನಡುಗಿತು.

‘ಏಳಾಕ ಹೊತ್ತು ಹಿಡೀತೈತ್ರಿ. ಎದ್ರ ಸಂಜಿತನಕ ಮಲಗೂದಿಲ್ಲ’ ಎಂದರು ಯಜಮಾನರು.

‘ಸಂಜಿತನಕ ಬೀಸೂವಷ್ಟು ಕಾಳು ನಮ್ಮೂರಾಗ ಎಲ್ಲಿ ಅದಾವ್ರಿ’ ಎಂದ ಅಪ್ಪ.

ಬಸ್ಸಿನಲ್ಲಿ ನಾನು ವಾದ ಹೂಡಿದೆ. ಇದಕ್ಕೆ ಕೈ ನೋಯುವ ಪ್ರಶ್ನೆಯೇ ಇಲ್ಲ, ದೀಪ ಹಿಡಿದು ಕೂತರಾಯಿತು ಎಂದೆ. ‘ಅಷ್ಟೊತ್ತು ಕೂಡೂದರೊಳಗ ಮಂದಿ ಸಿಂದಗಿಗೆ ಹೋಗಿ ಬೀಸ್ಕೊಂಡ ಬರ್ತಾರ’ ಎಂದ. ಸರಿ, ಅದು ನ್ಯಾಯದ ಮಾತೇ ಎಂದುಕೊಂಡೆ.

ಎರಡನೆಯ ಸೋಮವಾರ ಮುದ್ದೇಬಿಹಾಳ. ಅಲ್ಲಿ ಕರೆಂಟಿನ ಮೋಟಾರು. ಗೋಡೆಯ ಮೇಲೆ ಒಂದು ಪೆಟ್ಟಿಗೆ, ಅದರಲ್ಲೊಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಗಿರಣಿಯವರ ಸೊಸೆ ಬಂದು ರೊಟ್ಟಿ ಹಿಟ್ಟು ಹತ್ತಿದ ಬೆರಳಿನಿಂದಲೇ ಹಸಿರು ಗುಂಡಿ ಒತ್ತಿದಳು. ನಾನು ‘ಎರಡೊಂದ್ಲೆ’ ಎನ್ನುವಷ್ಟರಲ್ಲಿ ಕಲ್ಲು ತಿರುಗುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಸುಲಭದ್ದೊಂದು ಲೋಕದಲ್ಲಿ ಇರುವಾಗ ನಾನು ವರ್ಷಕ್ಕೂ ಮೇಲೆ ಗಾಲಿ ತಿರುಗಿಸುತ್ತ ಕೂತಿದ್ದೆನಲ್ಲ ಎಂದು ಸಿಟ್ಟೂ ಬಂತು. ನಮ್ಮೂರಿಗೂ ಅಷ್ಟರಲ್ಲಿ ಕರೆಂಟು ಬಂದಿತ್ತು, ಗಿರಣಿಗೆ ಎಳೆಸಿಕೊಳ್ಳುವುದಷ್ಟೇ ಬಾಕಿ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಕರೆಂಟ್ ಹೋದ್ರ?’

‘ಹೋದ್ರ ಬಂದ್. ಬಂದ್ರ ಚಾಲೂ’ ಎಂದರು ಅವರು.

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ, ಕರೆಂಟು ಹೋಗುವುದನ್ನು ನೋಡಿಯೇ ಹೋಗುವುದು ಎಂದು. ಚಹಾ ಬಂತು, ಕುಡಿದ. ಊಟಕ್ಕೆ ಕರೆದರು, ಉಂಡ. ಮತ್ತೆ ಬಂದು ಕೂತ. ಆ ದಿನ ಕರೆಂಟಿಗೆ ಏನು ಬಂದಿತ್ತೋ, ಒಂದು ಗಳಿಗೆಯೂ ಹೋಗಲಿಲ್ಲ. ನಾನು ಕುಲದೇವರಿಗೆಲ್ಲ ಹರಕೆ ಹೊತ್ತು ಕೂತಿದ್ದೆ. ಕಡೆಯ ಬಸ್ಸಿಗೆ ಏಳುವಾಗ ಅಪ್ಪ ಹೇಳಿದ: ‘ಇವತ್ತ ಹೋಗಿಲ್ಲ, ಅಂದ್ರ ನಾಳಿ ಹೋಗೂದು ಖರೇ.’ ಅಲ್ಲಿಗೆ ಮೋಟಾರಿನ ಕಥೆ ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಪ್ಪ ಇಂಜಿನ್ ಹುಡುಕುತ್ತಿಲ್ಲ, ಕೊರತೆ ಹುಡುಕುತ್ತಿದ್ದಾನೆ ಎಂದು ನನಗೆ ಆ ಬಸ್ಸಿನಲ್ಲಿ ಅನ್ನಿಸಿತು.

ಮೂರನೆಯ ಸೋಮವಾರ ಬಾಗೇವಾಡಿ. ಅದು ಬಸವಣ್ಣನ ಊರೇ, ಅಲ್ಲಿಯ ಗಿರಣಿಯೂ ಸೋಮವಾರ ಬಂದ್. ನಾವು ದೂರದಿಂದ ಬಂದಿದ್ದೇವೆಂದು ಗಿರಣಿಯವನು ಬೀಗ ತೆಗೆದ. ಹೊಸ ಮಾದರಿಯ ಸಣ್ಣ ಡೀಸೆಲ್ ಇಂಜಿನ್, ಹಸಿರು ಬಣ್ಣ, ಮೊಣಕಾಲಿಗಿಂತ ಸ್ವಲ್ಪ ಎತ್ತರದ ಗಾಲಿ. ಹ್ಯಾಂಡಲ್ ಎತ್ತಿ ನೋಡಿದೆ, ನಮ್ಮದರ ಅರ್ಧ ತೂಕವೂ ಇರಲಿಲ್ಲ. ‘ಹಾಲು ಕುಡಿಯೂ ಕೂಸಿನ ಕೈಯಾಗೂ ಚಾಲೂ ಆಗತೈತ್ರಿ’ ಎಂದ ಅವನು. ಅಪ್ಪ ಅದನ್ನು ಸುತ್ತು ಹಾಕಿ ನೋಡಿದ, ಕೊರತೆ ಸಿಗಲಿಲ್ಲ. ನನಗೆ ಜೀವ ಬಂದಂತಾಯಿತು.

ಗಿರಣಿಯವನು ತಿರುಗಿಸಿದ. ಏಳಲಿಲ್ಲ. ಮತ್ತೆ ತಿರುಗಿಸಿದ. ಬೆವರು ಬಂತು, ಇಂಜಿನ್ ಬರಲಿಲ್ಲ. ನಾನು ಏಳರ ಮಗ್ಗಿ ದಾಟಿದ್ದೆ. ಬಾಗಿಲಲ್ಲಿ ನಾಲ್ಕಾರು ಜನ ಸೇರಿದರು. ಅಪ್ಪನ ಮುಖದಲ್ಲಿ ನಗು ಕಾಣಿಸತೊಡಗಿತು, ಅದನ್ನು ನೋಡಿ ನನ್ನ ಮೈ ಉರಿಯಿತು. ಆಗ ಕೇಳಿದೆ, ನಿನ್ನೆ ಡೀಸೆಲ್ ಪೂರಾ ಖಾಲಿಯಾಗುವತನಕ ಓಡಿಸಿದ್ದಿರೇನು ಎಂದು. ಹೌದು, ನೀವು ಬಂದಮೇಲೆಯೇ ತುಂಬಿದ್ದು ಎಂದ. ಅಷ್ಟು ಸಾಕಾಯಿತು. ಟಾಕಿ ಖಾಲಿಯಾದರೆ ನಳಿಗೆಯಲ್ಲಿ ಗಾಳಿ ಸೇರುತ್ತದೆ, ಗಾಳಿ ಇರುವತನಕ ಹನುಮಪ್ಪನೇ ಬಂದು ತಿರುಗಿಸಿದರೂ ಏಳುವುದಿಲ್ಲ. ಪಾನಾ ಇಸಿದುಕೊಂಡು ನಳಿಗೆಯ ನಟ್ಟು ಸಡಿಲಿಸಿದೆ. ಬುಳಬುಳ ಗುಳ್ಳೆ ಬಂತು, ಆಮೇಲೆ ಬರೀ ಡೀಸೆಲ್ ಬಂತು. ನಟ್ಟು ಬಿಗಿದೆ.

ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿ. ಈಗ ಹ್ಯಾಂಡಲನ್ನು ಅಪ್ಪನ ಕೈಗೆ ಕೊಡಬೇಕಿತ್ತು. ಅಪ್ಪ ತಿರುಗಿಸಿ, ಅದು ಎದ್ದು, ಅವನ ಬಾಯಿ ಮುಚ್ಚಿದ್ದರೆ ನನ್ನ ದಾರಿ ತೆರೆಯುತ್ತಿತ್ತು. ಅದಕ್ಕೇ ಅಲ್ಲವೇ ನಾವು ಅಷ್ಟು ದೂರ ಬಂದದ್ದು! ಆದರೆ ಬಾಗಿಲಲ್ಲಿ ಜನ ನಿಂತಿದ್ದರು. ಒಬ್ಬ ಹುಡುಗಿ ಪಾನಾ ಹಿಡಿದದ್ದನ್ನು ಕಣ್ಣರಳಿಸಿ ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿ, ಲಿವರ್ ಎತ್ತಿ, ತಿರುಗಿಸಿ, ಬಿಟ್ಟೆ. ಎರಡರ ಮಗ್ಗಿ ಅರ್ಧವಾಗಿರಲಿಲ್ಲ, ಇಂಜಿನ್ ಎದ್ದಿತು.

‘ಭಲೇ! ಯಾರ ಮಗಳ್ರೀ ಈಕಿ?’ ಎಂದರು ಯಾರೋ.

‘ನಂದ’ ಎಂದ ಅಪ್ಪ. ಅವನ ಎದೆ ಉಬ್ಬಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ‘ಮೂರೂ ಊರು ತಿರಿಗಿ ನೋಡಿದ್ವಿರಿ. ಇಂಜಿನ್ನಿನಾಗ ಏನೂ ಇಲ್ಲ, ಎಲ್ಲಾ ಈಕಿ ಕೈಯಾಗ ಐತಿ. ಈಕಿ ಇರೂತನಕ ನನಗ್ಯಾಕ ಬೇಕು ಹೊಸಾದು?’

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿಯುವುದರೊಳಗೆ ನಾನು ಮಾಡಿಕೊಂಡದ್ದು ಏನೆಂದು ತಿಳಿಯಿತು. ಊರಿಗೆ ಬರುವತನಕ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಅತ್ತೆ. ಅಪ್ಪ, ಧೂಳು ಹೋಯಿತೇನು ಕಣ್ಣಿಗೆ ಎಂದು ಕೇಳಿದ.

ಆ ವಾರವೆಲ್ಲ ಅವ್ವ ಹೋರಾಡಿದಳು. ‘ಎಳ್ಳಷ್ಟೂ ಅಂಜಬ್ಯಾಡ, ನೀ ಹೋಗು. ಗಿರಣಿ ಬಂದ್ ಬಿದ್ರ ಬೀಳಲಿ, ಮೊದಲ ಬೀಸೂಕಲ್ಲಿನ್ಯಾಗ ಬೀಸಿ ತಿಂದಿಲ್ಲೇನು ನಾವು?’ ಎಂದಳು. ನಾಲ್ಕನೆಯ ಸೋಮವಾರ ಬೆಳಿಗ್ಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿಕೊಟ್ಟಳು. ಟ್ರಂಕು ತಯಾರಾಯಿತು. ಬಿಜಾಪುರದ ಬಸ್ಸು ನಮ್ಮೂರ ರಸ್ತೆಗೆ ಹತ್ತು ಗಂಟೆ ಸುಮಾರಿಗೆ ಬರುತ್ತಿತ್ತು. ಅಪ್ಪ ಗಿರಣಿ ಕಟ್ಟೆಯ ಮೇಲೆ ಕೂತಿದ್ದ. ಗಿರಣಿ ಹೇಗೂ ರಜೆ, ಅಂದಮೇಲೆ ನನ್ನನ್ನು ತಡೆಯಲು ಯಾವ ನೆಪವೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ಓಣಿಯ ಮದುವೆ ಮನೆಯಿಂದ ಇಬ್ಬರು ಗಂಡಸರು ಎರಡು ಚೀಲ ಜೋಳ ಹೊತ್ತು ತಂದರು. ಬೀಗರು ಒಂದು ದಿನ ಮೊದಲೇ ಬಂದಿಳಿದಿದ್ದರಂತೆ, ಮನೆಯಲ್ಲಿ ಒಂದು ಹಿಡಿ ಹಿಟ್ಟಿರಲಿಲ್ಲವಂತೆ.

‘ಸೋಮಾರ ಅಂತ ಗೊತ್ತೈತ್ರಿ ಕಾಕಾ. ಮರ್ಯಾದಿ ಪ್ರಶ್ನಿ ಐತಿ, ಇದೊಂದು ಸಲ.’

ಅಪ್ಪ ಇಂಜಿನ್ ಹಾಕಿದಂದಿನಿಂದ ಸೋಮವಾರ ಬಾಗಿಲು ತೆಗೆದವನಲ್ಲ. ಮದುವೆ ಮನೆಗೆ ಇಲ್ಲ ಎಂದವನೂ ಅಲ್ಲ. ಚೀಲಗಳನ್ನು ನೋಡಿದ, ಆಮೇಲೆ ನನ್ನ ಕಡೆ ನೋಡಿದ. ನಾನು ಟ್ರಂಕಿನ ಮೇಲೆ ಕೂತಿದ್ದವಳು ಏಳಲಿಲ್ಲ.

‘ನಾ ಹಿಡಿಯೂದಿಲ್ಲ’ ಎಂದೆ. ಅವನಿಗೆ ಎದುರಾಡಿದ್ದು ಅದೇ ಮೊದಲು.

ಅಪ್ಪ ಬಯ್ಯಲಿಲ್ಲ. ಎದ್ದು ಒಳಗೆ ಹೋದ. ಟಾಕಿಯ ಮೇಲಿನ ವಿಭೂತಿಗೆ ಕೈ ಮುಗಿದು ಏನೋ ಹೇಳಿಕೊಂಡ. ಗೋಡೆಯ ಮೊಳೆಯಿಂದ ಹ್ಯಾಂಡಲ್ ತೆಗೆದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನ ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಒಂದು ವರ್ಷ ಮೂರು ತಿಂಗಳು ಅವನು ಜೋಮು ಎಂದು ಕರೆದದ್ದು ಜೋಮಲ್ಲ, ಅಂಜಿಕೆ ಎಂದು ಆಗ ತಿಳಿಯಿತು. ಲಿವರ್ ಎತ್ತಿದ. ತಿರುಗಿಸಿದ. ಮೊದಲ ಸಲ ಅರ್ಧಕ್ಕೇ ಕೈಬಿಟ್ಟು ಹಿಂದೆ ಸರಿದ. ಎರಡನೆಯ ಸಲ ಹಲ್ಲು ಕಚ್ಚಿ ತಿರುಗಿಸಿ ಲಿವರ್ ಬೀಳಿಸಿದ. ಇಂಜಿನ್ ಎದ್ದಿತು. ಸೋಮವಾರದ ದಿನ ಕುಕ್ಕೂ ಎಂಬ ಕೂಗು ಕೇಳಿ ಓಣಿಯವರೆಲ್ಲ ಹೊರಗೆ ಬಂದರು.

ಅಪ್ಪ ತನ್ನ ಕೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿ ನಕ್ಕ, ಸಾಲಿ ಹುಡುಗ ನಕ್ಕಂತೆ. ಆ ಸದ್ದಿನಲ್ಲಿ ಕೇಳಲಿ ಎಂದು ಜೋರಾಗಿ ಕೂಗಿದ:

‘ಹೋಗವಾ ನೀನು! ಬಸ್ಸಿನ ಹೊತ್ತಾತು! ಇದನ್ನೆಲ್ಲಾ ನಾ ನೋಡ್ಕೋತೇನಿ!’

ಅದರಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನಾನು ಬಲ್ಲೆ.

ಅಪ್ಪ ಇಂಜಿನ್ನಿನ ಪಕ್ಕ ಬಿಟ್ಟು ಕದಲಿರಲಿಲ್ಲ, ಮದುವೆ ಮನೆಯ ಗಂಡಸರೇ ಜೋಳ ಸುರಿಯತೊಡಗಿದ್ದರು. ಅವರಿಗೆ ಎಷ್ಟು ಸುರಿಯಬೇಕು ಗೊತ್ತಿಲ್ಲ, ಕಲ್ಲಿನ ಬಿಗಿ ಗೊತ್ತಿಲ್ಲ. ಹಿಟ್ಟು ರವೆಯಂತೆ ಬೀಳುತ್ತಿತ್ತು. ಆ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಬೀಗರ ಮುಂದೆ ಹರಿದು ಹೋಗುತ್ತದೆ, ಬಯ್ಯುವುದು ನಮ್ಮ ಗಿರಣಿಯನ್ನೇ. ನಾನು ನಾಲ್ಕು ಹೆಜ್ಜೆ ಒಳಗೆ ಹೋಗಿ ಕಲ್ಲು ಬಿಗಿ ಮಾಡಿದೆ. ಹಿಟ್ಟನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದೆ. ಸೆರಗು ಸೊಂಟಕ್ಕೆ ಯಾವಾಗ ಸಿಕ್ಕಿಸಿದೆನೋ ನನಗೆ ಗೊತ್ತಿಲ್ಲ.

‘ಏ, ಬಸ್ಸು ತಪ್ಪತೈತಿ ಹೋಗು!’ ಅಪ್ಪ ಮತ್ತೆ ಕೂಗಿದ.

‘ಇದೊಂದು ಚೀಲ ಆಗ್ಲಿ’ ಎಂದೆ.

ಅವ್ವ ಟ್ರಂಕು ಎತ್ತಿಕೊಂಡು ರಸ್ತೆಗೆ ಹೋಗಿ ನಿಂತಳು. ಯಾರನ್ನೋ ಕಳಿಸಿ ಕರೆಸಿದಳು. ಬಂದೆ ಎಂದೆ. ಒಂದು ಚೀಲ ಮುಗಿದ ಮೇಲೆ ಎರಡನೆಯದನ್ನು ನಾನೇ ಬಿಚ್ಚಿದೆ. ಇಂಜಿನ್ನಿನ ಸದ್ದಿನಲ್ಲಿ ಬಸ್ಸಿನ ಸದ್ದು ಕೇಳಲಿಲ್ಲ. ಅವ್ವ ಟ್ರಂಕು ಹೊತ್ತು ವಾಪಸು ಬಂದಳು, ಅದನ್ನು ನನ್ನ ಕಾಲ ಬಳಿ ಇಟ್ಟಳು, ಮನೆಗೆ ಹೋದಳು. ಮಧ್ಯಾಹ್ನ ಬೇರೆ ಬಸ್ಸಿತ್ತು. ಮರುದಿನ ಹೋಗಿ ಕಾಲು ಹಿಡಿದಿದ್ದರೆ ಸೇರಿಸಿಕೊಳ್ಳುತ್ತಿದ್ದರೋ ಏನೋ. ನಾನು ಹೋಗಲಿಲ್ಲ.

ಗಿರಣಿಯಲ್ಲೇ ಇನ್ನೂ ಆರು ವರ್ಷ ಕಳೆದೆ, ಮದುವೆಯಾಗುವತನಕ. ಓದಿದವಳು ಯಾಕೆ ನೌಕರಿಗೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ, ಅಪ್ಪ ಬಿಡಲಿಲ್ಲ ಎಂದು ಹೇಳುತ್ತಿದ್ದೆ. ಗಂಡನಿಗೂ ಹಾಗೆಯೇ ಹೇಳಿದ್ದೇನೆ, ಮಕ್ಕಳಿಗೂ ಹಾಗೆಯೇ ಹೇಳಿದ್ದೇನೆ. ಎಷ್ಟೋ ಸಲ ಅಪ್ಪ ಅಲ್ಲೇ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಿದ್ದ. ಬದುಕಿರುವತನಕ ಒಮ್ಮೆಯೂ ಅವನು ಅಲ್ಲ ಎನ್ನಲಿಲ್ಲ.